ಸೀಬೆಗಿಡದ ಮಸೂದೆ

ಸೀಬೆಹಣ್ಣನ್ನು ಮನೆಯಲ್ಲಿ ಬಚ್ಚಿಡುವುದು ಆಗದ ಕೆಲಸ. ನಿನ್ನೆ ಸಂಜೆ ತುಮಕೂರು ಬಸ್ ಸ್ಟ್ಯಾಂಡಿನ ಪಕ್ಕದ ತಳ್ಳುಗಾಡಿಯವನ ಹತ್ತಿರ ಚೌಕಾಸಿ ಮಾಡಿ ತಂದಿದ್ದೆ. ಅಡುಗೆಮನೆಯ ಮೂಲೆಯಲ್ಲಿ, ರಾಗಿಹಿಟ್ಟಿನ ಡಬ್ಬದ ಹಿಂದೆ, ಬಟ್ಟೆಚೀಲದ ಬಾಯಿ ಕಟ್ಟಿ ಇಟ್ಟಿದ್ದೆ. ಬೆಳಿಗ್ಗೆ ಎದ್ದರೆ ಮನೆಯೆಲ್ಲ ಅದರದೇ ವಾಸನೆ. ನಾನು ಇವತ್ತು ಕುಣಿಗಲ್‌ಗೆ ಅಕ್ಕನ ಮನೆಗೆ ಹೊರಟಿದ್ದೇನೆ ಎಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಉಳಿಯಲಿಲ್ಲ.

ಚೀಲ ಎತ್ತಿಕೊಳ್ಳುತ್ತಿದ್ದಂತೆ ಮೊಮ್ಮಗಳು ಬಂದು ಎದುರು ನಿಂತಳು. ಸ್ಕೂಲಿನ ಯೂನಿಫಾರ್ಮ್ ಹಾಕಿಯಾಗಿತ್ತು, ಒಂದು ಜಡೆ ಹೆಣೆದು ಇನ್ನೊಂದು ಬಾಕಿ ಇತ್ತು. "ಅಜ್ಜೀ, ಅಪ್ಪ ಹೇಳಿದಾರೆ, ನೀನು ಇನ್ಮೇಲೆ ಒಬ್ಬಳೇ ಬಸ್ಸಲ್ಲಿ ಕುಣಿಗಲ್‌ಗೆ ಹೋಗ್ಬಾರ್ದಂತೆ" ಎಂದಳು.

ಹಾಗೆ ಹೇಳಿದ ಅಪ್ಪ, ಅಂದರೆ ನನ್ನ ಮಗ, ಊಟದ ಮೇಜಿನ ಆಚೆ ಕೂತು ಬ್ಯಾಂಕಿಗೆ ಹೊರಡಲು ಷೂ ಲೇಸ್ ಕಟ್ಟಿಕೊಳ್ಳುತ್ತಿದ್ದ. ಕೈ ಚಾಚಿದರೆ ನನಗೆ ಸಿಗುವಷ್ಟು ಹತ್ತಿರ. ಹೋದ ತಿಂಗಳು ಬಸ್ಸಿನ ಮೆಟ್ಟಿಲಿಳಿಯುವಾಗ ಜಾರಿ ಮಂಡಿ ತರಚಿಕೊಂಡಿದ್ದೆ, ಅದರ ಮೇಲೆ ಕೈಗೊಂಡ ಕ್ರಮ ಇದು ಎಂದು ಗೊತ್ತಾಯಿತು. ಸಿಟ್ಟು ಬರಬೇಕಾದ ಜಾಗದಲ್ಲಿ ನನಗೆ ನಗು ಬಂತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತುಬಿಟ್ಟೆ. ಯಾಕೆ ನಗು ಬಂತೆಂದು ನಿಮಗೆ ಹೇಳಬೇಕಾದರೆ ಗುಬ್ಬಿಯ ನಮ್ಮ ಪಡಸಾಲೆಗೂ, ಅಲ್ಲಿಂದ ಇಂಗ್ಲೆಂಡಿನ ಪಾರ್ಲಿಮೆಂಟಿಗೂ ಒಂದು ಸುತ್ತು ಹೋಗಿ ಬರಬೇಕು. ಬಸ್ಸಿಗೆ ಇನ್ನೂ ಹೊತ್ತಿದೆ, ಬನ್ನಿ.

ಗುಬ್ಬಿಯಲ್ಲಿ ನಮ್ಮ ಮನೆ ರೈಲ್ವೆ ಸ್ಟೇಷನ್ನಿಗೆ ಕೂಗಳತೆಯಲ್ಲಿತ್ತು. ಊರಾಚೆ ತೆಂಗಿನ ತೋಟ, ಅದರ ಪಕ್ಕ ರಾಗಿ ಹೊಲ. ಬೆಳಿಗ್ಗೆ ಕಾಫಿಯ ಹೊತ್ತಿಗೆ ಪಡಸಾಲೆಯಲ್ಲಿ ಎಲ್ಲರೂ ಸೇರುವುದು ನಮ್ಮ ಮನೆಯ ಪದ್ಧತಿ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಅಪ್ಪ, ಗೋಡೆಗೆ ಒರಗಿಕೊಂಡು ಅಜ್ಜಿ, ಅಡುಗೆಮನೆಯ ಹೊಸ್ತಿಲಲ್ಲಿ ಅಮ್ಮ, ಚಾಪೆಯ ಮೇಲೆ ನಾನೂ ಅಕ್ಕನೂ. ಎಲ್ಲರ ಲೋಟ ಅರ್ಧ ಖಾಲಿಯಾದ ಮೇಲೆ ಚಿಕ್ಕಪ್ಪ ಎದ್ದು ಕಂಬದ ಪಕ್ಕ ನಿಲ್ಲುತ್ತಿದ್ದ. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಗಂಟಲು ಕೆರೆದು, ಶುರುಮಾಡುತ್ತಿದ್ದ: "ಅಣ್ಣ ಹೇಳವ್ರೆ..."

ಅಣ್ಣ ಎಂದರೆ ನಮ್ಮಪ್ಪ. ಅಣ್ಣ ಹೇಳವ್ರೆ, ನಾಳೆಯಿಂದ ಕೊಟ್ಟಿಗೆ ಬಾಗ್ಲು ಸಂಜೆಗೇ ಹಾಕ್ಬೇಕು. ಅಣ್ಣ ಹೇಳವ್ರೆ, ಹೆಣ್ ಮಕ್ಳು ಹೊಸ್ತಿಲ ಮೇಲೆ ಕೂತ್ಕಂಡು ತಲೆ ಬಾಚ್ಬಾರ್ದು. ಅಣ್ಣ ಹೇಳವ್ರೆ, ಹಬ್ಬಕ್ಕೆ ಬೆಳ್ಳಾವಿ ಅತ್ತೆ ಮನೆಯೋರು ಬತ್ತಾರೆ, ಹಪ್ಪಳ ಜಾಸ್ತಿ ಮಾಡ್ಕಳಿ. ಇಷ್ಟೆಲ್ಲ ನಡೆಯುವಾಗ ಅಪ್ಪ ಅಲ್ಲೇ ಕೂತು, ಬೀದಿಯ ಕಡೆ ನೋಡುತ್ತ, ಪಕ್ಕದ ಮನೆಯ ಸಮಾಚಾರ ಕೇಳುವವರ ಹಾಗೆ ಕೇಳುತ್ತಿದ್ದರು. ಸಂತೆಯಲ್ಲಿ ದನದ ದಲ್ಲಾಳಿಗಳ ಜೊತೆ ಮಧ್ಯಾಹ್ನದವರೆಗೆ ಮಾತಾಡಬಲ್ಲ ಮನುಷ್ಯ ಅವರು. ಮನೆಯ ಹೆಂಗಸರ ಜೊತೆ ಮಾತ್ರ ಬಾಯಿ ಕಟ್ಟುತ್ತಿತ್ತು. ನನ್ನನ್ನೂ ಅಕ್ಕನನ್ನೂ ಹೆಸರು ಹಿಡಿದು ಕರೆದದ್ದು ನನಗೆ ನೆನಪೇ ಇರಲಿಲ್ಲ. ನೀರು ಬೇಕಾದರೆ ಖಾಲಿ ಚೊಂಬನ್ನು ನೆಲಕ್ಕೆ ಕುಟ್ಟುತ್ತಿದ್ದರು, ನಾವು ಓಡುತ್ತಿದ್ದೆವು.

ಚಿಕ್ಕಪ್ಪನಿಗೆ ಈ ಕೆಲಸ ಬಲು ಇಷ್ಟ. ನಮ್ಮೂರಿನಲ್ಲಿ ನಾಟಕದ ಗಾಳಿ ಕುಡಿಯದೆ ಬೆಳೆದವರು ಯಾರೂ ಇಲ್ಲ. ಚಿಕ್ಕಪ್ಪನೂ ವರ್ಷಕ್ಕೊಮ್ಮೆ ಬಣ್ಣ ಹಚ್ಚುತ್ತಿದ್ದ. ಆದರೆ ರಾಜನ ಪಾರ್ಟು ಒಂದು ಸಲವೂ ಸಿಗಲಿಲ್ಲ. ಪ್ರತಿ ಸಲ ಓಡೋಡಿ ಬಂದು "ಮಹಾಪ್ರಭೂ" ಎಂದು ಸುದ್ದಿ ಹೇಳಿ ಹೋಗುವ ದೂತನೇ. ಆ ಕಂಚಿನ ಕಂಠಕ್ಕೆ ಮನೆಯಲ್ಲಾದರೂ ಒಂದು ಕೆಲಸ ಸಿಕ್ಕಿತ್ತಲ್ಲ ಎಂದು ಅಮ್ಮ ನಗುತ್ತಿದ್ದಳು. ಎದುರಿಗೆ ಅಲ್ಲ, ಒಲೆಯ ಮುಂದೆ.

ಇದು ಎಪ್ಪತ್ತರ ದಶಕದ ನಡುಮಧ್ಯದ ಮಾತು. ಅಕ್ಕ, ಗಿರಿಜಕ್ಕ, ತುಮಕೂರಿನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು. ನಾನು ಪಿ.ಯು.ಸಿ. ಇಬ್ಬರೂ ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದೆವು. ಅಕ್ಕನದು ಹಿಸ್ಟರಿ. ಅವಳ ಮೇಷ್ಟ್ರೊಬ್ಬರು ಬಿಳೀ ಪಂಚೆ, ಕರೀ ಕೋಟಿನವರು. ಬ್ರಿಟನ್ನಿನ ದೊರೆಗಳ ಪಾಠ ಮಾಡುವಾಗ ಆ ದೊರೆಗಳೆಲ್ಲ ತಮ್ಮ ದಾಯಾದಿಗಳೇ ಎಂಬಂತೆ ಬೈದು, ಹೊಗಳಿ, ತಲೆ ಚಚ್ಚಿಕೊಳ್ಳುತ್ತಿದ್ದರಂತೆ. ಕ್ಲಾಸಿನಲ್ಲಿ ಕೇಳಿದ್ದನ್ನು ಅಕ್ಕ ಸಂಜೆಯ ರೈಲಿನಲ್ಲಿ ನನಗೆ ಒಪ್ಪಿಸುತ್ತಿದ್ದಳು. ಕೇಳಿದರೆ ಮಾತ್ರ ತಿನ್ನಲು ಕಡಲೆಕಾಯಿ, ಇಲ್ಲದಿದ್ದರೆ ಇಲ್ಲ. ಹೀಗಾಗಿ ಇಂಗ್ಲೆಂಡನ್ನಾಳಿದ ಹಾನೋವರ್ ಮನೆತನದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಕಡಲೆಕಾಯಿಯ ರುಚಿಯ ಜೊತೆಗೇ ಗೊತ್ತು.

ಒಂದು ಸಂಜೆ ಅವಳು ರೈಲು ಹತ್ತುವಾಗಲೇ ಕುಣಿಯುತ್ತಿದ್ದಳು. ಹದಿನೆಂಟನೇ ಶತಮಾನ ಆಗಷ್ಟೇ ಕಣ್ಣು ಬಿಟ್ಟಿದ್ದ ಕಾಲ. ಇಂಗ್ಲೆಂಡಿನ ರಾಣಿ ಮಕ್ಕಳಿಲ್ಲದೆ ತೀರಿಕೊಂಡಾಗ ಜರ್ಮನಿ ಕಡೆಯ ಒಬ್ಬ ದೂರದ ನೆಂಟನನ್ನು ಕರೆದು ಪಟ್ಟ ಕಟ್ಟಿದರು. ವಯಸ್ಸಾದ ಮನುಷ್ಯ, ಇಂಗ್ಲಿಷ್ ಸರಿಯಾಗಿ ಬಾರದು. ಪಾರ್ಲಿಮೆಂಟ್ ಶುರುವಾಗುವ ದಿನ ದೊರೆ ಭಾಷಣ ಮಾಡಲೇಬೇಕಲ್ಲ? ಕಿರೀಟ ಹಾಕಿಕೊಂಡು ಸಿಂಹಾಸನದ ಮೇಲೆ ಕೂತು, ಒಂದೆರಡು ಮಾತು ಗೊಣಗಿ, ಕಾಗದವನ್ನು ಪಕ್ಕದಲ್ಲಿ ನಿಂತ ಚಾನ್ಸಲರ್ ಎಂಬ ಅಧಿಕಾರಿಯ ಕೈಗೆ ಕೊಡುತ್ತಿದ್ದ. ಆತ ಗಂಟಲು ಸರಿಮಾಡಿಕೊಂಡು ಓದುತ್ತಿದ್ದ. ಓದಿದ್ದಾದರೂ ಯಾರು ಬರೆದದ್ದು? ಮಂತ್ರಿಗಳು. ದೊರೆಯದೆಂದು ಕೇಳುವ ಮಾತು ದೊರೆಯದಲ್ಲ, ಓದುವವನದೂ ಅಲ್ಲ.

"ಚಿಕ್ಕಪ್ಪ ಕಣೇ!" ಎಂದು ಅಕ್ಕ ಕಿರುಚಿದ ರಭಸಕ್ಕೆ ಎದುರು ಕೂತ ಹೂವಿನ ಬುಟ್ಟಿಯವಳು ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು.

ಅಲ್ಲಿಂದ ಮುಂದೆ ನಮಗಿಬ್ಬರಿಗೂ ಪಡಸಾಲೆ ಪಾರ್ಲಿಮೆಂಟಾಯಿತು. ಆ ದೊರೆಗಳ ಘೋಷಣೆಗಳ ತಲೆಬರಹದಲ್ಲಿ ಗ್ರೇಟ್ ಬ್ರಿಟನ್, ಫ್ರಾನ್ಸ್, ಐರ್ಲೆಂಡುಗಳ ದೊರೆ ಎಂದು ಇರುತ್ತಿತ್ತಂತೆ. ಫ್ರಾನ್ಸ್ ಕೈಬಿಟ್ಟು ಎಷ್ಟೋ ತಲೆಮಾರಾಗಿತ್ತು. ಪ್ಯಾರಿಸ್ಸಿನಲ್ಲಿ ಬೇರೆ ದೊರೆ ಆರಾಮಾಗಿ ಊಟ ಮಾಡುತ್ತಿದ್ದ. ಆದರೂ ಸಂತೆಪೇಟೆಯಲ್ಲಿ ನಿಂತು ಓದುವವನು ಫ್ರಾನ್ಸನ್ನು ಬಿಡುತ್ತಿರಲಿಲ್ಲ. ನಮ್ಮ ಮನೆಯ ಪಟೇಲಿಕೆ ಸರ್ಕಾರದ ಕಾನೂನಿನಲ್ಲಿ ಹೋಗಿ ಬಹಳ ವರ್ಷವಾಗಿತ್ತು. ಚಿಕ್ಕಪ್ಪ ಮಾತ್ರ "ನಮ್ ಪಟೇಲ್ರ ಮನೆ ಅಂದ್ರೆ ಮರ್ಯಾದೆ ಐತೆ" ಎಂದೇ ಶುರುಮಾಡುತ್ತಿದ್ದ. ಅವನು ಹಾಗೆಂದಾಗ ಅಕ್ಕ ನನ್ನ ಕಿವಿಯಲ್ಲಿ "ಫ್ರಾನ್ಸ್" ಎನ್ನುವಳು. ನಾನು ಕಾಫಿ ನೆತ್ತಿಗೇರಿಸಿಕೊಂಡು ಕೆಮ್ಮುವೆ.

ನಗುವುದಷ್ಟೇ ಆಗಿದ್ದರೆ ಇದನ್ನು ನಿಮಗೆ ಹೇಳುತ್ತಿರಲಿಲ್ಲ. ಅಕ್ಕ ನನ್ನ ಹಾಗಲ್ಲ. ನಾನು ತಮಾಷೆ ಕಂಡರೆ ನಕ್ಕು ಸುಮ್ಮನಾಗುವವಳು, ಅವಳು ಅದರ ತಿರುಪು ಬಿಚ್ಚಿ ಒಳಗೆ ಏನಿದೆ ನೋಡುವವಳು. ಆ ವರ್ಷ ಅವಳ ತಲೆಯಲ್ಲಿ ಇದ್ದದ್ದು ಒಂದೇ ವಿಷಯ. ನೆಂಟರ ಬಾಯಲ್ಲಿ ಅವಳ ಮದುವೆಯ ಮಾತು ಓಡಾಡುತ್ತಿತ್ತು. ಕೊನೆಯ ವರ್ಷದ ಓದು ಇನ್ನೂ ಬಾಕಿ. ಒಂದು ಬೆಳಿಗ್ಗೆ ಚಿಕ್ಕಪ್ಪ ಕಂಬದ ಪಕ್ಕ ನಿಂತು "ಅಣ್ಣ ಹೇಳವ್ರೆ, ಕಾಲೇಜು ಸಾಕು" ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಹೇಳವ್ರೆ ಎಂದದ್ದಕ್ಕೆ ಎದುರು ಮಾತು ಇರಲಿಲ್ಲ. ಎದುರಾಡುವುದಾದರೂ ಯಾರಿಗೆ? ಚಿಕ್ಕಪ್ಪನನ್ನು ಕೇಳಿದರೆ "ನಂದೇನೈತವ್ವ, ಅಣ್ಣ ಹೇಳವ್ರೆ" ಎನ್ನುತ್ತಿದ್ದ. ಅಪ್ಪನ ಹತ್ತಿರ ಹೋದರೆ ಅವರು ಎದ್ದು ತೋಟಕ್ಕೆ ಹೋಗುತ್ತಿದ್ದರು.

"ಮೊದ್ಲು ಇದನ್ನ ಬರೆಯೋರು ಯಾರು ಅಂತ ಕಂಡುಹಿಡೀಬೇಕು" ಎಂದಳು ಅಕ್ಕ. ಕಂಡುಹಿಡಿಯಲು ಬಹಳ ದಿನ ಬೇಕಾಗಲಿಲ್ಲ. ಕೊಟ್ಟಿಗೆಯ ಬಾಗಿಲು ಅಪ್ಪನ ಮಾತೇ ಇರಬಹುದು. ಆದರೆ ಹೊಸ್ತಿಲ ಮೇಲೆ ತಲೆ ಬಾಚುವುದು, ಹಪ್ಪಳ, ರಿಬ್ಬನ್ನಿನ ಬಣ್ಣ, ಇವೆಲ್ಲ ಅಪ್ಪನಿಗೆ ಹೊಳೆಯುವ ವಿಷಯಗಳೇ? ಅಪ್ಪ ಸ್ನಾನಕ್ಕೆ ಹೋದಾಗ ಹಂಡೆಯ ಒಲೆಗೆ ತೆಂಗಿನ ಮಟ್ಟೆ ಹಾಕುವ ನೆಪದಲ್ಲಿ ಅಜ್ಜಿ ಬಚ್ಚಲ ಬಾಗಿಲಲ್ಲಿ ನಿಂತು ಏನೋ ಹೇಳುತ್ತಿದ್ದಳು. ಒಳಗಿನಿಂದ "ಹೂಂ" ಎಂದು ಕೇಳುತ್ತಿತ್ತು. ಅಪ್ಪ ತಲೆ ಒರೆಸಿಕೊಳ್ಳುತ್ತ ಚಿಕ್ಕಪ್ಪನಿಗೆ ಎರಡು ಮಾತು. ಕಾಫಿಯ ಹೊತ್ತಿಗೆ ಘೋಷಣೆ ತಯಾರು.

ಅಕ್ಕ ನೇರವಾಗಿ ಮಂತ್ರಿಯ ಹತ್ತಿರವೇ ಹೋದಳು. ಅಜ್ಜಿ ಹಿತ್ತಲ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅಕ್ಕ ಪಕ್ಕದಲ್ಲಿ ಕೂತು, ತಾನೂ ಬಿಡಿಸುತ್ತ, ಭಾಷೆ ಬಾರದ ದೊರೆಯ ಕಥೆಯನ್ನು ರಾಗವಾಗಿ ಹೇಳಿದಳು. ಅಜ್ಜಿ ಕೊನೆಯವರೆಗೂ ಕೇಳಿದಳು.

"ಬಾಸೆ ಬರ್ದೋನ್ನ ರಾಜನ್ ಮಾಡವ್ರಲ್ಲ, ಅವ್ರ್ ಬುದ್ಧಿ ಎಲ್ಲಿಕ್ಕಿದ್ರು?" ಎಂದಳು. ಇನ್ನೊಂದು ಹಣ್ಣು ಕೈಗೆತ್ತಿಕೊಂಡು ಕೇಳಿದಳು, "ಆ ರಾಜಂಗೆ ಅವ್ವ ಇರ್ಲಿಲ್ವಾ?"

"ಇರ್ಲಿಲ್ಲ ಅಜ್ಜಿ. ಮಂತ್ರಿಗಳಿದ್ರು. ಅವ್ರೇ ಬರ್ಕೊಡ್ತಿದ್ರು."

"ಇನ್ನೇನ್ ಮಾಡ್ತಾರೆ? ಯಾರಾದ್ರೂ ಒಬ್ರು ನಡಸ್ಬೇಕಲ್ಲ ಮನೇನ."

"ಅಂಗಾದ್ರೆ ನಡ್ಸೋರೇ ಮುಂದೆ ಬಂದು ಹೇಳ್ಬೋದಲ್ಲ?"

ಅಜ್ಜಿಯ ಕೈ ನಿಂತಿತು. ಅಕ್ಕನ ಮುಖವನ್ನೇ ನೋಡಿದಳು. "ಹುಣಸೇಹಣ್ಣು ಬುಡ್ಸೋಕ್ ಬಂದ್ಯೋ, ನನ್ ಬುಡ್ಸೋಕ್ ಬಂದ್ಯೋ? ಎದ್ದೋಗು" ಎಂದಳು. ಒಪ್ಪಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ಅಕ್ಕ ಎದ್ದು ಬಂದಳು, ಆದರೆ ಸೋತು ಬಂದವಳ ಮುಖ ಅದಾಗಿರಲಿಲ್ಲ. "ನೋಡ್ತಾ ಇರು" ಎಂದಳು ನನಗೆ.

ಸೀಬೆಗಿಡ ಬಂದದ್ದು ಇಲ್ಲಿ. ಪಾರ್ಲಿಮೆಂಟಿನ ಕೆಳಮನೆಯವರಿಗೆ ಒಂದು ವಿಚಿತ್ರ ಪದ್ಧತಿ ಇದೆಯೆಂದು ಮೇಷ್ಟ್ರು ಹೇಳಿದ್ದರು. ದೊರೆಯ ಭಾಷಣ ಕೇಳಿ ಬಂದು ಕೂತ ಕೂಡಲೇ ಅದನ್ನು ಚರ್ಚೆಗೆ ಎತ್ತಿಕೊಳ್ಳುವುದಿಲ್ಲ. ಮೊದಲು ತಮ್ಮದೇ ಒಂದು ಮಸೂದೆಯ ಹೆಸರು ಓದುತ್ತಾರೆ. ಅದು ಯಾರಿಗೂ ಬೇಕಾಗಿಲ್ಲದ, ಎಂದೂ ಮುಂದೆ ಹೋಗದ, ಪಾಸಾಗಲೆಂಬ ಆಸೆಯೂ ಇಲ್ಲದ ಮಸೂದೆ. ವರ್ಷ ವರ್ಷವೂ ಅದೇ. ಅದನ್ನು ಓದಿಯೇ ದೊರೆಯ ಮಾತಿಗೆ ಬರುವುದು. ನೀನು ಕರೆದೆ ಎಂದು ಬಂದಿದ್ದೇವೆ, ಆದರೆ ಏನು ಮಾತಾಡಬೇಕೆಂದು ತೀರ್ಮಾನಿಸುವವರು ನಾವು ಎಂದು ತೋರಿಸುವುದಕ್ಕಷ್ಟೇ ಇಷ್ಟು ಏರ್ಪಾಟು.

ಮರುದಿನ ಚಿಕ್ಕಪ್ಪ ಕಂಬದ ಪಕ್ಕ ನಿಂತು "ಅಣ್ಣ ಹೇಳವ್ರೆ" ಎನ್ನುವಷ್ಟರಲ್ಲಿ ಅಕ್ಕ, "ತಡೀರಿ ಚಿಕ್ಕಪ್ಪ, ಮೊದ್ಲು ನಮ್ದೊಂದು ವಿಷ್ಯ ಐತೆ" ಎಂದಳು. "ಹಿತ್ಲಲ್ಲಿರೋ ಸೀಬೆಗಿಡ. ಕೊಂಬೆ ಪಕ್ಕದ್ಮನೆ ಹೆಂಚಿನ್ ಮೇಲೆ ಹೋಗೈತೆ. ಹಣ್ಣು ಬಿದ್ದು ಹೆಂಚು ಒಡೀತಾ ಐತೆ. ಏನ್ಮಾಡೋದು?"

ಚಿಕ್ಕಪ್ಪ ಅಪ್ಪನ ಕಡೆ ನೋಡಿದ. ಅಪ್ಪ ಬೀದಿಯ ಕಡೆ ನೋಡುತ್ತಿದ್ದರು. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಇರುವುದು ಚಿಕ್ಕಪ್ಪನ ಸ್ವಭಾವವಲ್ಲ. "ಕೊಂಬೆ ಕಡುದ್ರೆ ಫಲ ಹೋಯ್ತದಲ್ಲವ್ವ" ಎಂದ. ಅಜ್ಜಿಗೆ ತಡೆಯಲಾಗಲಿಲ್ಲ. "ಆ ಗಿಡ ನಾನ್ ಕೈಯಾರೆ ಇಕ್ಕಿದ್ದು, ಯಾರಾರಾ ಮುಟ್ಟೀರಾ!" ಎಂದಳು. ಅಮ್ಮ ಹೊಸ್ತಿಲಿನಿಂದಲೇ, ಬಲೆ ಕಟ್ಟಿದರೆ ಹೇಗೆ ಎಂದಳು. ಅಮ್ಮ ಪಡಸಾಲೆಯಲ್ಲಿ ಬಾಯಿ ತೆರೆದದ್ದನ್ನು ನಾನು ಕಂಡದ್ದು ಅದೇ ಮೊದಲು. ಕಾಫಿ ಆರಿತು, ರೈಲಿಗೆ ಹೊತ್ತಾಯಿತು. ಅಂದಿನ ಘೋಷಣೆ ಏನಿತ್ತೋ, ಚಿಕ್ಕಪ್ಪ ಎರಡೇ ಮಾತಿನಲ್ಲಿ ಮುಗಿಸಿದ.

ಆಮೇಲೆ ಅದೇ ರೂಢಿಯಾಯಿತು. ಚಿಕ್ಕಪ್ಪ ನಿಂತಾಗಲೆಲ್ಲ ಅಕ್ಕ ಸೀಬೆಗಿಡವನ್ನು ತೆಗೆಯುವಳು. ಗಿಡ ಬಗೆಹರಿಯುವುದು ಅವಳಿಗೆ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಆ ಮೊದಲ ಮಾತು. ಪಡಸಾಲೆಯಲ್ಲಿ ಮೊದಲ ಮಾತು ತನ್ನದಾಗುವುದು ಎಲ್ಲರಿಗೂ, ಮುಖ್ಯವಾಗಿ ತನಗೇ, ಅಭ್ಯಾಸವಾಗಬೇಕಿತ್ತು. ಸಣ್ಣ ವಿಷಯದಲ್ಲಿ ಬಾಯಿ ಪಳಗಿದ್ದರೆ ದೊಡ್ಡ ವಿಷಯದ ದಿನ ತೊದಲುವುದಿಲ್ಲ ಎಂದು ನನಗೆ ರೈಲಿನಲ್ಲಿ ಹೇಳಿದ್ದಳು. ನಾನು ಕಡಲೆಕಾಯಿ ಸುಲಿಯುತ್ತ ಹೂಂ ಎಂದಿದ್ದೆ. ಮೈ ಬಗ್ಗಿಸದೆ ಇತಿಹಾಸ ನೋಡುವುದರಲ್ಲಿ ನಾನು ಆಗಲೇ ನಿಪುಣೆ.

ನಮ್ಮ ಚಿಕ್ಕಪ್ಪ ಒಳ್ಳೆಯವನಾಗಿಬಿಟ್ಟದ್ದೇ ಎಡವಟ್ಟಾಯಿತು. ಪಾಪ, ಹುಡುಗಿ ದಿನಾ ಗಿಡದ ಚಿಂತೆ ಮಾಡುತ್ತಾಳೆ ಎಂದು ಅವನ ಮನಸ್ಸಿಗೆ ಹತ್ತಿತ್ತು. ಒಂದು ಸಂಜೆ ನಾವು ರೈಲಿಳಿದು ಬಂದರೆ ಹಿತ್ತಲಲ್ಲಿ ಬೆಳಕೋ ಬೆಳಕು. ಪಕ್ಕದ ಮನೆಯ ಕಡೆಯ ಕೊಂಬೆಗಳನ್ನೆಲ್ಲ ಸವರಿಸಿ, ಅಜ್ಜಿಯನ್ನು ಹೇಗೋ ಒಪ್ಪಿಸಿ, ಒಡೆದ ಹೆಂಚನ್ನೂ ಹೊದಿಸಿ, ಮಚ್ಚು ಹಿಡಿದು ನಗುತ್ತ ನಿಂತಿದ್ದ. "ನಿನ್ ವಿಷ್ಯ ಮುಗೀತು ನೋಡವ್ವ!" ಎಂದ. ನೆಲದ ತುಂಬ ಬಿದ್ದಿದ್ದ ಹಣ್ಣುಗಳ ವಾಸನೆ. ಇಂಗ್ಲೆಂಡಿನಲ್ಲಿ ಇಷ್ಟು ವರ್ಷ ಪಾಸಾಗದೆ ಉಳಿದ ಮಸೂದೆ ಗುಬ್ಬಿಯಲ್ಲಿ ಪಾಸಾಗಿಹೋಗಿತ್ತು. ಅಕ್ಕ "ಒಳ್ಳೇದಾಯ್ತು ಚಿಕ್ಕಪ್ಪ" ಎಂದಳು. ಅವಳ ಮುಖ ನೋಡಿ ನನಗೆ ಅಳು ಬಂತು.

ಅಂದೇ ಮನೆಗೆ ನೆಂಟರು ಬಂದಿದ್ದರೆಂದು ಒಳಗೆ ಹೋದ ಮೇಲೆ ತಿಳಿಯಿತು. ಕುಣಿಗಲ್ ಕಡೆಯ ಸಂಬಂಧ. ಹುತ್ರಿದುರ್ಗದ ತಪ್ಪಲಲ್ಲಿ ತೋಟ, ಹೊಲ, ಒಬ್ಬನೇ ಮಗ. ಹುಡುಗನ ಮೇಲೆ ಯಾವ ದೂರೂ ಇರಲಿಲ್ಲ, ಅಕ್ಕನೂ ಹೇಳಲಿಲ್ಲ. ಆದರೆ ಅವರಿಗೆ ಬೇಗ ಆಗಬೇಕಿತ್ತು, ಓದಿದ ಹುಡುಗಿ ಸಾಕು, ಇನ್ನೂ ಓದುವ ಹುಡುಗಿ ಬೇಡ ಎಂದಿದ್ದರು. ನಾಳೆಯ ಘೋಷಣೆ ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಬೆಳಿಗ್ಗೆ ಅಕ್ಕ ಕಾಲೇಜಿಗೆ ಹೊರಡುವ ಸೀರೆ ಉಟ್ಟು, ಪುಸ್ತಕ ಎದೆಗವಚಿಕೊಂಡೇ ಚಾಪೆಯ ಮೇಲೆ ಕೂತಳು. ಕಾಫಿ ಕುಡಿಯಲಿಲ್ಲ. ಚಿಕ್ಕಪ್ಪ ಎದ್ದು ಕಂಬದ ಪಕ್ಕ ನಿಂತ. "ನಮ್ ಪಟೇಲ್ರ ಮನೆ ಅಂದ್ರೆ..." ಎಂದ. ನನಗೆ ಫ್ರಾನ್ಸ್ ನೆನಪಾಗಲಿಲ್ಲ. "ಅಣ್ಣ ಹೇಳವ್ರೆ..."

"ತಡೀರಿ ಚಿಕ್ಕಪ್ಪ. ಮೊದ್ಲು ನಮ್ದೊಂದು ವಿಷ್ಯ ಐತೆ."

"ಗಿಡ ಕಡ್ದಾಯ್ತಲ್ಲವ್ವ" ಎಂದ ಚಿಕ್ಕಪ್ಪ, ಬೇಡಿಕೊಳ್ಳುವ ದನಿಯಲ್ಲಿ.

"ಗಿಡದ್ದಲ್ಲ, ನನ್ ವಿಷ್ಯ." ಅಕ್ಕ ಎದ್ದು ನಿಂತಳು. ಅವಳು ಚಿಕ್ಕಪ್ಪನನ್ನೂ ಅಜ್ಜಿಯನ್ನೂ ಬಿಟ್ಟು ಅಪ್ಪನನ್ನೇ ನೋಡುತ್ತಿದ್ದಳು. "ನಾನು ಓದ್ಬೇಕೋ ಬೇಡ್ವೋ ಅಪ್ಪಾನೇ ಹೇಳ್ಲಿ. ಅವ್ರ್ ಬಾಯಲ್ಲೇ ಹೇಳ್ಲಿ. ಬೇಡ ಅಂದ್ರೆ ಪುಸ್ತಕ ಇಲ್ಲೇ ಇಡ್ತೀನಿ, ಇನ್ನೊಂದ್ ಮಾತಾಡಲ್ಲ. ಆದ್ರೆ ಬೇರೆ ಯಾರ್ ಹೇಳಿದ್ರೂ ಕೇಳಲ್ಲ."

"ಅದೇನೇ ನಿನ್ ಅಧಿಕಪ್ರಸಂಗ!" ಎಂದಳು ಅಜ್ಜಿ. ಆದರೆ ಅವಳೂ ಅಪ್ಪನ ಕಡೆಗೇ ತಿರುಗಿದ್ದಳು.

ಇವಳಿಗೆ ತಲೆ ಕೆಟ್ಟಿದೆ, ಒಂದು ಮಾತಿನ ಮೇಲೆ ಎಲ್ಲವನ್ನೂ ಇಟ್ಟುಬಿಟ್ಟಳಲ್ಲ ಎಂದು ಒಳಗೊಳಗೇ ಬೈದುಕೊಂಡೆ. ಮೇಷ್ಟ್ರು ಇನ್ನೊಂದು ವಿಷಯ ಹೇಳಿದ್ದರು. ಆ ಜರ್ಮನಿಯ ದೊರೆಗೆ ಮುಂಚೆ ಇದ್ದ ರಾಣಿ ಒಂದು ಮಸೂದೆಗೆ ಒಪ್ಪಿಗೆ ಇಲ್ಲ ಎಂದಿದ್ದಳು. ಅವಳಾದ ಮೇಲೆ ಅಲ್ಲಿ ಯಾವ ದೊರೆಯೂ ಹಾಗೆ ಅನ್ನಲಿಲ್ಲ. ಅನ್ನುವ ಅಧಿಕಾರ ಹಾಗೇ ಇದೆ, ಅನ್ನುವ ಬಾಯಿ ಇಲ್ಲ. ಅಕ್ಕ ಆ ಒಂದು ನಂಬಿಕೆಯ ಮೇಲೆ ನಿಂತಿದ್ದಳು. ಇಷ್ಟು ವರ್ಷ ಬೇಡವೆಂದು ಹೇಳಿದ್ದೆಲ್ಲ ಇನ್ನೊಬ್ಬರ ಬಾಯಿ, ಅಪ್ಪನ ಬಾಯಿಗೆ ಆ ಮಾತು ಬರುವುದಿಲ್ಲ ಎಂಬ ನಂಬಿಕೆ. ಅದು ಸುಳ್ಳಾಗಿದ್ದರೆ?

ಅಪ್ಪ ಬೀದಿಯ ಕಡೆ ನೋಡುತ್ತಲೇ ಇದ್ದರು. ಚೊಂಬನ್ನು ಎತ್ತಿದರು, ಕುಟ್ಟುತ್ತಾರೇನೋ ಅಂದುಕೊಂಡೆ. ಮತ್ತೆ ಕೆಳಗಿಟ್ಟರು. ದೂರದಲ್ಲಿ, ನಿಟ್ಟೂರಿನ ಕಡೆ, ರೈಲು ಕೂಗಿತು. ಅಪ್ಪ ತಲೆ ತಿರುಗಿಸಿ ಅಕ್ಕನ ಮುಖ ನೋಡಿದರು.

"ಗಿರಿಜಾ" ಎಂದರು. "ಟ್ರೈನ್ ಹೊತ್ತಾಯ್ತು. ಹೋಗು."

ಆಗ ಚಿಕ್ಕಪ್ಪ, ಎಷ್ಟೋ ವರ್ಷದ ಅಭ್ಯಾಸ ನೋಡಿ, ಟವೆಲ್ ಸರಿಮಾಡಿಕೊಂಡು, ಗಂಟಲು ಕೆರೆದು, ಇಡೀ ಬೀದಿಗೆ ಕೇಳುವಂತೆ ಸಾರಿದ: "ಅಣ್ಣ ಹೇಳವ್ರೆ, ಟ್ರೈನ್ ಹೊತ್ತಾಯ್ತಂತೆ, ಹೋಗ್ಬೇಕಂತೆ!"

ಮೊದಲು ನಕ್ಕದ್ದು ಅಮ್ಮ. ಅವಳು ಹೊಸ್ತಿಲಿನಿಂದ ಎದ್ದು ಬಂದು ಎರಡು ಊಟದ ಡಬ್ಬಿಗಳನ್ನು ನಮ್ಮ ಕೈಗಿಟ್ಟಳು. ಎರಡೂ ಬಿಸಿಯಾಗಿದ್ದವು. ಘೋಷಣೆ ಏನಾಗುತ್ತದೆಂದು ತಿಳಿಯುವ ಮೊದಲೇ ಅವಳು ಎರಡನ್ನೂ ಕಟ್ಟಿದ್ದಳು.

ಓಡಿ ಓಡಿ ರೈಲು ಹಿಡಿದೆವು. ಅಕ್ಕ ಕಿಟಕಿಯ ಪಕ್ಕ ಕೂತು ಹೊರಗೆ ನೋಡತೊಡಗಿದಳು. ಗೆದ್ದೆ ಎಂದು ಕುಣಿಯುತ್ತಾಳೆ ಎಂದುಕೊಂಡಿದ್ದೆ. ಮಲ್ಲಸಂದ್ರ ದಾಟಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೆಸ್ರು ಹಿಡಿದು ಕರೆದ್ರು ಕಣೇ" ಎಂದಳು. ಆ ದಿನ ನಾನೂ ಅತ್ತೆ.

ಮುಂದೆ ಅವಳು ಬಿ.ಎ. ಮುಗಿಸಿದಳು, ಬಿ.ಎಡ್. ಮಾಡಿದಳು. ಎಂಬತ್ತರ ದಶಕದ ಶುರುವಿನಲ್ಲಿ ಕೆಲಸ ಸಿಕ್ಕಿದ್ದು ಎಲ್ಲಿ ಎನ್ನುತ್ತೀರಿ, ಕುಣಿಗಲ್‌ನಲ್ಲಿ. ಸೊಸೆಯಾಗಿ ಹೋಗಬೇಕಿದ್ದ ಊರಿಗೆ ಟೀಚರಾಗಿ ಹೋದಳು. ಜೊತೆಯಲ್ಲಿ ಪಾಠ ಮಾಡುತ್ತಿದ್ದವರನ್ನೇ ಮದುವೆಯಾದಳು. ಆ ಮದುವೆಯ ಸುದ್ದಿಯನ್ನು ಪಡಸಾಲೆಯಲ್ಲಿ ಅಪ್ಪನೇ ಹೇಳಿದರು. ಕಂಬದ ಪಕ್ಕ ನಿಲ್ಲಲಿಲ್ಲ, ಕೂತಲ್ಲೇ, ಅಲ್ಲಲ್ಲಿ ತಡವರಿಸಿ ಹೇಳಿದರು. ಚಿಕ್ಕಪ್ಪ ಪ್ರತಿ ವಾಕ್ಯಕ್ಕೂ ಹೌದು ಹೌದು ಎಂದು ತಲೆಯಾಡಿಸಿದ, ಅವನಿಗೆ ಅಷ್ಟಾದರೂ ಪಾರ್ಟು ಬೇಡವೇ.

ಅಜ್ಜಿಯ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಆಮೇಲೆ ಅಮ್ಮ ಹೇಳಿದಳು. ತಾತ ತೀರಿಕೊಂಡಾಗ ಅಪ್ಪ ಇನ್ನೂ ಮೀಸೆ ಬರದ ಹುಡುಗ. ಗಂಡ ಸತ್ತ ಹೆಂಗಸು ಪಡಸಾಲೆಗೆ ಬಂದು ಆಳುಕಾಳುಗಳಿಗೆ, ದಾಯಾದಿಗಳಿಗೆ ಹೀಗೆ ಮಾಡಿ ಎನ್ನುವಂತಿರಲಿಲ್ಲ. ಮಗನನ್ನು ಕುರ್ಚಿಯಲ್ಲಿ ಕೂರಿಸಿದಳು. ಮಗನಿಗೆ ಹತ್ತು ಜನರ ಮುಂದೆ ನಾಲಿಗೆ ಹೊರಳುತ್ತಿರಲಿಲ್ಲ. ಗಟ್ಟಿ ಗಂಟಲಿನ ಚಿಕ್ಕ ಮಗನನ್ನು ಪಕ್ಕದಲ್ಲಿ ನಿಲ್ಲಿಸಿದಳು. ಹಾಗೆ ಹೊಲ, ತೋಟ, ಮನೆ ಉಳಿಸಿದಳು. ಮುಂದೆ ಬಂದು ಹೇಳಬಹುದಲ್ಲ ಎಂದು ಅಕ್ಕ ಕೇಳಿದಾಗ ಅವಳ ಕೈ ಯಾಕೆ ನಿಂತಿತು ಎಂದು ಆಗ ಅರ್ಥವಾಯಿತು. ಆ ಬೆಳಿಗ್ಗೆ ನಾವು ರೈಲಿಗೆ ಓಡಿದ ಮೇಲೆ ಅಜ್ಜಿ ಗೋಡೆಗೆ ಒರಗಿಕೊಂಡೇ, "ಬಾಯ್ ಬುಟ್ಟನಲ್ಲ ನನ್ ಮಗ" ಎಂದಳಂತೆ. ಸಂತೋಷದಲ್ಲಿ ಹೇಳಿದಳೋ ಸೋತು ಹೇಳಿದಳೋ ಅಮ್ಮನಿಗೂ ಗೊತ್ತಾಗಲಿಲ್ಲವಂತೆ. ಅಜ್ಜಿಯನ್ನು ನೆನೆದರೆ ಈಗ ನನಗೆ ಮರುಕವಿದೆ, ಹೆಮ್ಮೆಯೂ ಇದೆ.

ಇಷ್ಟು ಹೊತ್ತೂ ಮೊಮ್ಮಗಳು ಒಂದೇ ಜಡೆಯಲ್ಲಿ ನನ್ನ ಮುಂದೆ ನಿಂತೇ ಇದ್ದಾಳೆ. ಮಗನ ಲೇಸು ಇನ್ನೂ ಮುಗಿದಿಲ್ಲ. ಷೂ ಕಟ್ಟಲು ಇಷ್ಟು ಹೊತ್ತು ತೆಗೆದುಕೊಳ್ಳುವ ಮನುಷ್ಯ ಅಲ್ಲ ಅವನು. ಅಕ್ಕನ ಆ ಮಾತನ್ನು ನಾನು ಎಷ್ಟೋ ಜನರಿಗೆ ಕಥೆ ಮಾಡಿ ಹೇಳಿದ್ದೇನೆ. ನನ್ನ ಬಾಯಲ್ಲಿ, ನನಗಾಗಿ, ಒಮ್ಮೆಯೂ ಆಡಿಲ್ಲ.

"ತಡಿ ಪುಟ್ಟ" ಎಂದೆ. "ಮೊದ್ಲು ನಮ್ದೊಂದು ವಿಷ್ಯ ಐತೆ." ಈ ಮನೆಯಲ್ಲಿ ಐತೆ ಎಂದು ಯಾರೂ ಅನ್ನುವುದಿಲ್ಲ. ಸೊಸೆ ಅಡುಗೆಮನೆಯಿಂದ ಇಣುಕಿದಳು. "ನಾನು ಕುಣಿಗಲ್‌ಗೆ ಹೋಗ್ಬೇಕೋ ಬೇಡ್ವೋ ನಿಮ್ಮಪ್ಪಾನೇ ಹೇಳ್ಲಿ. ಅವನ ಬಾಯಲ್ಲೇ ಹೇಳ್ಲಿ."

ಮಗ ಎದ್ದು ಬಂದ. ಮುಖ ಕೆಂಪಾಗಿತ್ತು. ತಲೆ ತಿರುಗಿಸಿ ಕಿಟಕಿಯಾಚೆ ನೋಡಿದ, ಥೇಟ್ ನಮ್ಮಪ್ಪನೇ. "ನಂದೇನಿಲ್ಲಮ್ಮ" ಎಂದ. "ದೊಡ್ಡಮ್ಮ ರಾತ್ರಿ ಫೋನ್ ಮಾಡಿದ್ರು. ಮಂಡಿ ನೋವಲ್ಲಿ ಬಸ್ ಹತ್ತಿ ಬರೋದು ಬೇಡ, ನೀನೇ ಹೇಳ್ದಂಗೆ ಹೇಳು, ನನ್ ಹೆಸ್ರು ಎತ್ಬೇಡ ಅಂದ್ರು. ನಂಗೆ ನಿನ್ ಹತ್ರ ಹೇಳೋಕೆ ಧೈರ್ಯ ಬರ್ಲಿಲ್ಲ."

ದೊಡ್ಡಮ್ಮ. ಎಂದರೆ ನಮ್ಮ ಗಿರಿಜಕ್ಕ! ಸಿಂಹಾಸನದ ಮುಂದೆ ನಿಂತು ನಿಮ್ಮ ಬಾಯಲ್ಲೇ ಹೇಳಿ ಎಂದವಳು ಈಗ ಕುಣಿಗಲ್‌ನಲ್ಲಿ ಕೂತು ಬಚ್ಚಲ ಬಾಗಿಲಲ್ಲಿ ನಿಲ್ಲುವ ಕೆಲಸ ಶುರುಮಾಡಿದ್ದಾಳೆ. ನನಗೆ ಸಿಟ್ಟು, ನಗು, ಪ್ರೀತಿ ಎಲ್ಲ ಒಟ್ಟಿಗೆ ಬಂತು. ಸೀಬೆಹಣ್ಣಿನ ಚೀಲ ಹೆಗಲಿಗೇರಿಸಿ ಎದ್ದೆ. ಮಂಡಿ ಚುಳ್ ಎಂದಿತು, ಎನ್ನಲಿ.

"ಇಬ್ರೂ ಕೇಳಿಸ್ಕೊಳ್ಳಿ" ಎಂದೆ. "ನಾನು ಹೋಗ್ತಾ ಇದೀನಿ. ಬರ್ಬೇಡ ಅಂತ ಹೇಳೋದಿದ್ರೆ ಅವ್ಳು ಬಾಗ್ಲಲ್ಲಿ ನಿಂತು, ನನ್ ಹೆಸ್ರು ಹಿಡ್ದು, ಅವ್ಳ್ ಬಾಯಲ್ಲೇ ಹೇಳ್ಲಿ."

ಮಗ ಮೇಜಿನ ಮೇಲಿದ್ದ ಬೈಕಿನ ಕೀ ತೆಗೆದುಕೊಂಡ. "ಅಮ್ಮ, ಬಸ್ಸಿಗೆ ಹೊತ್ತಾಯ್ತು" ಎಂದ. "ಸ್ಟ್ಯಾಂಡ್‌ವರ್ಗೂ ಬಿಡ್ತೀನಿ, ಬಾ."